ನೀಲಗಿರಿಯ ಇನ್ನೊಂದು ಪಾಲು

ಮರದ ಬಿಳಿ ನಾರು ಬಟ್ಟೆಯಾಯಿತು. ಕಪ್ಪು ಪಾಲು ಬಾಯ್ಲರ್ ಸೇರಿತು, ಒಂದು ಕಾಲಕ್ಕೆ ತುಂಗಭದ್ರೆಯನ್ನೂ ಸೇರಿತು. ಆ ಕಪ್ಪನ್ನೇ ದ್ರಾವಕಗಳಲ್ಲಿ ಕಲಕಿ, ಹಗುರ ಅಣು ಬೇರೆ, ಭಾರದ ಅಣು ಬೇರೆ ಮಾಡಿ ಅಂಟು, ಪ್ಲಾಸ್ಟಿಕ್, ಇಂಗಾಲದ ಎಳೆ ತಯಾರಿಸುವ ವಿದ್ಯೆ ಈಗ ಕೈಗೆ ಸಿಕ್ಕಿದೆ. ಹೊಳೆಸಾಲಿನ ಹರಪನಹಳ್ಳಿ, ಹಡಗಲಿ ಸೀಮೆಗೆ ಇದು ದೂರದ ಸುದ್ದಿಯಲ್ಲ.

ಚಳಿ ಬಿಟ್ಟು ಬಿಸಿಲು ಏರುವ ದಿನಗಳು. ಚಿಗಟೇರಿ ಕಡೆಯ ಹೊಲವೊಂದರ ಅಂಚಿನಲ್ಲಿ ನೀಲಗಿರಿ ಕಡಿತ ನಡೆದಿದೆ. ಕಡಿದ ಮರದ ತೊಗಟೆಯನ್ನು ಹಸಿ ಇದ್ದಾಗಲೇ ಸುಲಿಯಬೇಕು, ಒಣಗಿದರೆ ಕಚ್ಚಿಕೊಂಡು ಬಿಡುತ್ತದೆ. ಕೊಡಲಿಯ ಹಿಂಬದಿಯಿಂದ ತಟ್ಟಿ, ತುದಿ ಹಿಡಿದು ಜಗ್ಗಿದರೆ ಉದ್ದಕ್ಕೆ ಪಟ್ಟಿ ಪಟ್ಟಿಯಾಗಿ ಬರುತ್ತದೆ. ಒಳಗಿನ ಕಟ್ಟಿಗೆ ಮುಟ್ಟಿದರೆ ಒದ್ದೆ, ಕೈ ಜಾರುವಷ್ಟು ನುಣುಪು. ಒಂದೇ ಅಳತೆಗೆ ತುಂಡು ಮಾಡಿ ಲಾರಿಗೆ ಪೇರಿಸುತ್ತಾರೆ.

‘ಯಾವ ಕಡಿಗೆ ಹೊಂಟೈತಣ್ಣ ಲೋಡು?’

‘ಕುಮಾರಪಟ್ಣಕ್ಕೆ. ಅಲ್ಲಿ ಇದನ್ನ ಕುದಿಸಿ ಬಟ್ಟಿ ನಾರು ತೆಗಿತಾರ.’

‘ಕಟಗಿ ಎಲ್ಲಾ ನಾರು ಆಕ್ಕತೇನು?’

‘ಅದು ನಮಗೇನು ಗೊತ್ತು? ತೂಕ ಹಾಕಿಸಿ ಇಳಿಸಿ ಬರ್ತೀವಿ.’

ಎಲ್ಲಾ ನಾರಾಗುವುದಿಲ್ಲ. ಅರ್ಧಕ್ಕರ್ಧವೂ ಆಗುವುದಿಲ್ಲ. ಹರಿಹರದ ಎದುರು ದಂಡೆಯ ಕುಮಾರಪಟ್ಟಣದಲ್ಲಿ 1972ರಿಂದ ನಡೆಯುತ್ತಿರುವ ಹರಿಹರ ಪಾಲಿಫೈಬರ್ಸ್ ರೇಯಾನ್ ಬಟ್ಟೆಗೆ ಬೇಕಾದ ತಿರುಳನ್ನು ತಯಾರಿಸುತ್ತದೆ. ಅದಕ್ಕೆ ಬೇಕಿರುವುದು ಸೆಲ್ಯುಲೋಸ್ ಎಂಬ ಬಿಳಿ ನಾರು ಮಾತ್ರ. ಉಳಿದದ್ದರಲ್ಲಿ ದೊಡ್ಡ ಪಾಲು ಲಿಗ್ನಿನ್. ಒಣಗಿದ ಮರದ ತೂಕದಲ್ಲಿ ಸುಮಾರು ಕಾಲು ಭಾಗ ಇದೇ ಇರುತ್ತದೆ.

ಮರ ನಿಂತಿರುವುದು ಇದರ ಬಲದಿಂದ

ಸೆಲ್ಯುಲೋಸ್ ಎಳೆ ಎಳೆಯಾದ ನಾರು. ಆ ಎಳೆಗಳ ನಡುವೆ ತುಂಬಿಕೊಂಡು, ಅವನ್ನು ಬಿಗಿಹಿಡಿದು, ಗಾಳಿಗೆ ಬಾಗಿದರೂ ಮುರಿಯದ ಹಾಗೆ ಮರವನ್ನು ನಿಲ್ಲಿಸುವುದು ಲಿಗ್ನಿನ್. ನೀರು ಸಾಗುವ ನಾಳಗಳ ಗೋಡೆಯನ್ನು ಸೋರದಂತೆ ಕಾಯುವುದೂ ಅದೇ. ನೆಲದ ಮೇಲಿನ ಗಿಡಮರಗಳು ಆಳೆತ್ತರ ದಾಟಿ ಬೆಳೆದದ್ದು ಇದರಿಂದಲೇ. ಭೂಮಿಯ ಮೇಲೆ ಸಸ್ಯಗಳು ಕಟ್ಟುವ ವಸ್ತುಗಳಲ್ಲಿ ಸೆಲ್ಯುಲೋಸ್ ಬಿಟ್ಟರೆ ಎರಡನೆಯ ಸ್ಥಾನ ಇದಕ್ಕೆ.

1813ರಲ್ಲಿ ಸ್ವಿಟ್ಜರ್ಲೆಂಡಿನ ಸಸ್ಯವಿಜ್ಞಾನಿ ಡಿ ಕ್ಯಾಂಡೋಲ್ ಇದಕ್ಕೆ ಹೆಸರಿಟ್ಟ. ಇನ್ನೂರು ವರ್ಷ ಕಳೆದರೂ ರಸಾಯನಶಾಸ್ತ್ರಜ್ಞರು ‘ಇಗೋ ಲಿಗ್ನಿನ್ನಿನ ಪೂರ್ತಿ ಚಿತ್ರ’ ಎಂದು ಒಂದು ಅಣುವನ್ನು ಬರೆದು ತೋರಿಸಲಾರರು. ಸೆಲ್ಯುಲೋಸ್ ಆದರೆ ಒಂದೇ ಬಗೆಯ ಗ್ಲೂಕೋಸ್ ಕೊಂಡಿಗಳ ನೇರ ಸರಪಳಿ. ಲಿಗ್ನಿನ್ನಿನಲ್ಲಿ ಮೂರು ಬಗೆಯ ಬೆಂಜೀನ್ ಉಂಗುರದ ತುಣುಕುಗಳು ಸಿಕ್ಕಸಿಕ್ಕ ಕಡೆ, ಬೇರೆ ಬೇರೆ ಬೆಸುಗೆಗಳಲ್ಲಿ ಕೂಡಿಕೊಂಡಿರುತ್ತವೆ. ಪೈನ್ ಮರದ್ದು ಒಂದು ತರಹ, ನೀಲಗಿರಿಯದ್ದು ಇನ್ನೊಂದು ತರಹ, ಜೋಳದ ದಂಟಿನದ್ದು ಮತ್ತೊಂದು.

ಈ ಗೋಜಲೇ ಅದರ ಶಕ್ತಿ. ಸುಲಭದ ಕೊಂಡಿ ಹುಡುಕಿ ಕತ್ತರಿಸುವ ಬ್ಯಾಕ್ಟೀರಿಯಾಗಳಿಗೆ ಇಲ್ಲಿ ಹಿಡಿ ಸಿಗುವುದಿಲ್ಲ. ಮರವನ್ನು ಬೆಳ್ಳಗೆ ಕೊಳೆಸುವ ಕೆಲವು ಅಣಬೆಗಳಿಗೆ ಮಾತ್ರ ಇದನ್ನು ಚೆನ್ನಾಗಿ ಬಿಡಿಸುವ ವಿದ್ಯೆ ಗೊತ್ತು. ನಮ್ಮ ಹೊಲಗಳ ಗೆದ್ದಲು ಹುತ್ತದೊಳಗೆ ಅಣಬೆಯ ತೋಟ ಮಾಡುವುದೂ ಅದಕ್ಕೇ: ತಾನು ಅರಗಿಸಲಾರದ ಕಟ್ಟಿಗೆಯನ್ನು ಅಣಬೆಯ ಕೈಗೆ ಒಪ್ಪಿಸುತ್ತದೆ. ಮಳೆ ಬಿದ್ದ ಮೇಲೆ ಹುತ್ತದ ಮೇಲೆ ಏಳುವ ಅಣಬೆ ಆ ತೋಟದ್ದೇ.

> ನಿಮ್ಮ ಕೈಯಲ್ಲಿರುವ ಪುಟವೂ
> ಹಳೆಯ ಪತ್ರಿಕೆ ಹಳದಿಯಾಗುವುದು ಲಿಗ್ನಿನ್ನಿನಿಂದ. ಸುದ್ದಿಪತ್ರಿಕೆಯ ಅಗ್ಗದ ಕಾಗದಕ್ಕೆ ಮರವನ್ನು ಬೇಯಿಸುವುದಕ್ಕಿಂತ ಹೆಚ್ಚಾಗಿ ಅರೆಯುತ್ತಾರೆ, ಲಿಗ್ನಿನ್ ಒಳಗೇ ಉಳಿಯುತ್ತದೆ. ಬೆಳಕು, ಗಾಳಿ ತಾಗುತ್ತಾ ಅದು ಬಣ್ಣ ತಿರುಗುತ್ತದೆ. 1936ರಲ್ಲಿ ಸ್ಥಾಪನೆಯಾದ ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆ 1980ರ ದಶಕದಿಂದ ಸುದ್ದಿಪತ್ರಿಕೆ ಕಾಗದ ತಯಾರಿಸುತ್ತಿತ್ತು. 2015ರ ಹೊತ್ತಿಗೆ ಅದರ ಯಂತ್ರಗಳು ನಿಂತವು.

ಕುದಿಯುವ ಕಡಾಯಿ, ಕಪ್ಪು ದ್ರವ

ಕಾರ್ಖಾನೆಯಲ್ಲಿ ಮೊದಲು ಕಟ್ಟಿಗೆಯನ್ನು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಚಕ್ಕೆ ಮಾಡುತ್ತಾರೆ. ಅದನ್ನು ಎತ್ತರದ ಉಕ್ಕಿನ ಡೈಜೆಸ್ಟರಿಗೆ ತುಂಬಿ, ಕಾಸ್ಟಿಕ್ ಸೋಡಾ ಮತ್ತು ಸೋಡಿಯಂ ಸಲ್ಫೈಡಿನ ಜೊತೆ ಒತ್ತಡದಲ್ಲಿ ಸುಮಾರು 160ರಿಂದ 170 ಡಿಗ್ರಿ ಶಾಖದಲ್ಲಿ ಬೇಯಿಸುತ್ತಾರೆ. ರೇಯಾನಿಗಾದರೆ ಅದಕ್ಕೂ ಮುಂಚೆ ಹಬೆಯಲ್ಲಿ ಬೇಯಿಸಿ ಬೇಡದ ಸಕ್ಕರೆಗಳನ್ನು ಹೊರಗೆ ಹಾಕುತ್ತಾರೆ. ಇದು ಕ್ರಾಫ್ಟ್ ವಿಧಾನ. 1879ರಲ್ಲಿ ಕಾರ್ಲ್ ದಾಲ್ ಇದನ್ನು ಕಂಡುಹಿಡಿದ. ಕಾರ್ಖಾನೆಯ ಸುತ್ತ ಮೂಗಿಗೆ ಬಡಿಯುವ ಕೊಳೆತ ಕೋಸಿನ ವಾಸನೆ ಸಲ್ಫೈಡಿನ ಗಂಧಕದ್ದು.

ಬೆಂದ ಮೇಲೆ ನಾರು ಒಂದು ಕಡೆ, ಮಿಕ್ಕಿದ್ದೆಲ್ಲ ಒಂದು ಕಡೆ. ಆ ಮಿಕ್ಕಿದ್ದೇ ಬ್ಲ್ಯಾಕ್ ಲಿಕರ್. ಒಂದು ಟನ್ ತಿರುಳಿಗೆ ಸುಮಾರು ಏಳು ಟನ್ ತೆಳು ಕಪ್ಪು ದ್ರವ ಬರುತ್ತದೆ ಎಂಬುದು ಕಾಗದ ಉದ್ಯಮದ ಸಾಮಾನ್ಯ ಲೆಕ್ಕ. ಅದರಲ್ಲಿ ಕರಗಿದ ಲಿಗ್ನಿನ್ ಇದೆ, ಒಡೆದ ಸಕ್ಕರೆಗಳಿವೆ, ಸೋಡಾ ಇದೆ. ದ್ರವವನ್ನು ಬತ್ತಿಸಿ ಗಟ್ಟಿ ಪಾಕ ಮಾಡಿ ರಿಕವರಿ ಬಾಯ್ಲರಿನಲ್ಲಿ ಉರಿಸುತ್ತಾರೆ. ಲಿಗ್ನಿನ್ ಉರಿದು ಹಬೆ, ವಿದ್ಯುತ್ತು ಆಗುತ್ತದೆ. ಸೋಡಾ ಕರಗಿ ತಳಕ್ಕಿಳಿಯುತ್ತದೆ, ಸುಣ್ಣದ ಜೊತೆ ಸಂಸ್ಕರಿಸಿ ಮತ್ತೆ ಕಡಾಯಿಗೆ ಹಾಕುತ್ತಾರೆ. 1930ರ ದಶಕದಲ್ಲಿ ಈ ಬಾಯ್ಲರ್ ಬಂದ ಮೇಲೆಯೇ ಕ್ರಾಫ್ಟ್ ವಿಧಾನ ಲೋಕವನ್ನು ಗೆದ್ದದ್ದು.

ಹೀಗೆ ಬಾಯ್ಲರಿಗೆ ಹೋಗುವ ಲಿಗ್ನಿನ್ ಜಗತ್ತಿನಾದ್ಯಂತ ವರ್ಷಕ್ಕೆ 5 ಕೋಟಿ ಟನ್ನಿಗೂ ಹೆಚ್ಚು ಎಂಬ ಅಂದಾಜಿದೆ. ಅದರಲ್ಲಿ ಹೊರಗೆ ತೆಗೆದು ಮಾರುವುದು ನೂರಕ್ಕೆ ಎರಡರಷ್ಟು ಮಾತ್ರ.

ಹೊಳೆ ಕಂದಾದ ವರ್ಷಗಳು

ಎಲ್ಲಾ ಲಿಗ್ನಿನ್ ಬಾಯ್ಲರಿಗೆ ಹೋಗುವುದಿಲ್ಲ. ನಾರಿನಲ್ಲಿ ಅಂಟಿಕೊಂಡ ಕೊನೆಯ ಪಾಲನ್ನು ಬ್ಲೀಚಿಂಗಿನಲ್ಲಿ ತೆಗೆಯಬೇಕು. ಕ್ಲೋರಿನ್ ಬಳಸುತ್ತಿದ್ದ ಕಾಲದಲ್ಲಿ ಆ ಪಾಲು ಕ್ಲೋರಿನ್ ಹೊತ್ತ ಕಂದು ನೀರಾಗಿ ಹೊರಬರುತ್ತಿತ್ತು. ಸಂಸ್ಕರಣಾ ಕೊಳದ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ತಿಂದು ಮುಗಿಸುತ್ತವೆ, ಲಿಗ್ನಿನ್ನಿನ ದೊಡ್ಡ ಅಣುಗಳನ್ನು ಮುಟ್ಟುವುದಿಲ್ಲ. ಕೊಳ ದಾಟಿದ ನೀರಿನಲ್ಲೂ ಬಣ್ಣ ಉಳಿಯುವುದು ಅದಕ್ಕೆ.

ತುಂಗಭದ್ರೆ ಕುಮಾರಪಟ್ಟಣ ದಾಟಿದ ಮೇಲೆ ಎಡಕ್ಕೆ ರಾಣೆಬೆನ್ನೂರು, ಬಲಕ್ಕೆ ಹರಪನಹಳ್ಳಿ ತಾಲ್ಲೂಕಿನ ಗರ್ಭಗುಡಿ, ಹಲುವಾಗಲು ಸಾಲು. ಮುಂದೆ ಹಡಗಲಿಯ ಮೈಲಾರ. ಆಮೇಲೆ ಹೊಸಪೇಟೆಯ ಜಲಾಶಯ. 1980ರ ದಶಕದಲ್ಲಿ ಈ ದಂಡೆಗಳಲ್ಲಿ ಮೀನು ಸತ್ತು ತೇಲಿದ್ದು, ದನ ನೀರು ಮುಟ್ಟದಿದ್ದದ್ದು, ಚರ್ಮದ ತುರಿಕೆ ಎದ್ದದ್ದು ದೊಡ್ಡ ಹೋರಾಟವಾಯಿತು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಹೊಳೆಸಾಲಿನ ಜನರ ಜೊತೆ ನಿಂತು ಮೆರವಣಿಗೆ ಮಾಡಿತು, ನ್ಯಾಯಾಲಯಕ್ಕೂ ಹೋಯಿತು.

ಅದೇ ಹೋರಾಟ ಬೇಗನೆ ಕಟ್ಟಿಗೆಯ ಮೂಲಕ್ಕೂ ತಿರುಗಿತು. ಕಾರ್ಖಾನೆಗೆ ನೀಲಗಿರಿ ಒದಗಿಸಲೆಂದು 1984ರಲ್ಲಿ ಸರ್ಕಾರ ಮತ್ತು ಕಂಪನಿ ಜಂಟಿಯಾಗಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಸ್ಥಾಪಿಸಿದವು. ಧಾರವಾಡ, ಉತ್ತರ ಕನ್ನಡ, ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಸುಮಾರು 75 ಸಾವಿರ ಎಕರೆ ಸಿ ಮತ್ತು ಡಿ ದರ್ಜೆಯ ಜಮೀನು, ಅಂದರೆ ಊರಿನ ದನ ಮೇಯುವ, ಸೌದೆ ಆಯುವ ನೆಲ, ಅದಕ್ಕೆ ಹೋಗುವುದಿತ್ತು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು, ಊರಿಗೆ ಬೇಕಾದ ಗಿಡ ನೆಟ್ಟರು. ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹ ಎಂದು ಅದು ಹೆಸರಾಯಿತು. ಸುಪ್ರೀಂ ಕೋರ್ಟಿಗೆ ಹೋದ ಅರ್ಜಿದಾರರಲ್ಲಿ ಶಿವರಾಮ ಕಾರಂತರಿದ್ದರು. 1991ರಲ್ಲಿ ಆ ಪಲ್ಪ್‌ವುಡ್ ಕಂಪನಿಯೇ ಮುಚ್ಚಿತು.

ಈ ಚರಿತ್ರೆ ಗೊತ್ತಿಲ್ಲದೆ ಲಿಗ್ನಿನ್ನಿನ ಹೊಸ ಭರವಸೆಗಳನ್ನು ಮಾತಾಡುವುದು ತಪ್ಪು ಎಂದೇ ನನ್ನ ನಂಬಿಕೆ. ಹೊಳೆಗೆ ಬಂದದ್ದೂ ಬಾಯ್ಲರಿಗೆ ಹೋದದ್ದೂ ಒಂದೇ ವಸ್ತು. ಅದಕ್ಕೆ ಬೆಲೆ ಇಲ್ಲದ ಕಾಲದಲ್ಲಿ ಅದನ್ನು ತೊಲಗಿಸುವುದೇ ಎಲ್ಲರ ಚಿಂತೆಯಾಗಿತ್ತು.

> ನೀಲಗಿರಿಯ ನಂಟು
> ನಾಡಿಗೆ ನೀಲಗಿರಿ ಬಂದದ್ದು ಟಿಪ್ಪು ಸುಲ್ತಾನನ ಕಾಲದಲ್ಲಿ, 1790ರ ಸುಮಾರಿಗೆ, ನಂದಿಬೆಟ್ಟಕ್ಕೆ ಎನ್ನುತ್ತಾರೆ. ಅಲ್ಲಿಂದ ಹಬ್ಬಿದ ತಳಿಗೆ ಅರಣ್ಯಶಾಸ್ತ್ರದಲ್ಲಿ ‘ಮೈಸೂರು ಗಮ್’ ಎಂದೇ ಹೆಸರು. ಅಂತರ್ಜಲದ ಆತಂಕದಿಂದ 2017ರಲ್ಲಿ ಕರ್ನಾಟಕ ಸರ್ಕಾರ ಹೊಸದಾಗಿ ನೀಲಗಿರಿ ಬೆಳೆಸುವುದನ್ನು ನಿಷೇಧಿಸಿತು.

ಪುಡಿ ಸಿಕ್ಕಿತು, ಗುಣ ಸಿಗಲಿಲ್ಲ

ಕಪ್ಪು ದ್ರವದಿಂದ ಲಿಗ್ನಿನ್ ತೆಗೆಯುವುದು ಕಷ್ಟವಲ್ಲ. ಕ್ಷಾರ ಹೆಚ್ಚಿದ್ದಾಗ ಅದು ಕರಗಿರುತ್ತದೆ, ಕ್ಷಾರ ತಗ್ಗಿಸಿದರೆ ಗರಣೆಗಟ್ಟಿ ಕೂರುತ್ತದೆ. ಸ್ವೀಡನ್ನಿನಲ್ಲಿ ರೂಪುಗೊಂಡ ಲಿಗ್ನೋಬೂಸ್ಟ್ ವಿಧಾನದಲ್ಲಿ ಅರ್ಧ ಬತ್ತಿಸಿದ ದ್ರವಕ್ಕೆ ಕಾರ್ಬನ್ ಡೈಆಕ್ಸೈಡ್ ಹಾಯಿಸುತ್ತಾರೆ, ಗರಣೆಯನ್ನು ಸೋಸಿ ಆಮ್ಲದ ನೀರಿನಲ್ಲಿ ತೊಳೆಯುತ್ತಾರೆ. ಉಳಿಯುವುದು ಕಾಫಿ ಪುಡಿಯ ಬಣ್ಣದ ಪುಡಿ. 2013ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದ ಪ್ಲಿಮತ್‌ನಲ್ಲಿ, 2015ರಲ್ಲಿ ಫಿನ್ಲೆಂಡಿನ ಸುನಿಲಾದಲ್ಲಿ ಇಂಥ ಘಟಕಗಳು ಕೆಲಸ ಶುರುಮಾಡಿದವು. ಸುನಿಲಾದ ಸಾಮರ್ಥ್ಯ ವರ್ಷಕ್ಕೆ 50 ಸಾವಿರ ಟನ್ ಇತ್ತು.

ತೊಡಕು ಪುಡಿಯ ಒಳಗಿತ್ತು. ಮರದೊಳಗೆ ಮೊದಲೇ ಗೋಜಲಾಗಿದ್ದ ವಸ್ತುವನ್ನು ಕಾಸ್ಟಿಕ್ ಕುದಿ ಹೇಗೆಂದರೆ ಹಾಗೆ ಕಡಿದಿರುತ್ತದೆ. ಕಡಿದ ತುಣುಕುಗಳಲ್ಲಿ ಕೆಲವು ಮತ್ತೆ ಬೆಸೆದುಕೊಂಡಿರುತ್ತವೆ. ಒಂದು ಚಮಚ ಪುಡಿಯಲ್ಲಿ ಕೆಲವೇ ನೂರು ಅಣುಭಾರದ ಸಣ್ಣ ತುಣುಕೂ ಇದೆ, ಹತ್ತಾರು ಸಾವಿರ ಭಾರದ ದೈತ್ಯವೂ ಇದೆ. ಸಣ್ಣದು ಬೇಗ ಕರಗುತ್ತದೆ, ಬೇಗ ಮೆತ್ತಗಾಗುತ್ತದೆ, ಚುರುಕಾಗಿ ರಾಸಾಯನಿಕ ಕ್ರಿಯೆಗೆ ಇಳಿಯುತ್ತದೆ. ದೊಡ್ಡದು ಎಷ್ಟು ಕಾಸಿದರೂ ಜಪ್ಪಯ್ಯ ಅನ್ನುವುದಿಲ್ಲ.

ಅಂಟು ತಯಾರಿಸುವವನ ಕಷ್ಟ ಇಲ್ಲಿದೆ. ಅವನಿಗೆ ಪ್ರತಿ ಡ್ರಮ್ಮೂ ನಿನ್ನೆಯ ಡ್ರಮ್ಮಿನ ಹಾಗೇ ಇರಬೇಕು. ಪ್ರೆಸ್ಸಿನ ಶಾಖ, ಒತ್ತಡ, ನಿಮಿಷ ಎಲ್ಲವೂ ಆ ಲೆಕ್ಕಕ್ಕೆ ಕಟ್ಟಿದ್ದು. ಒಂದು ಸಲ ಬೇಗ ಗಟ್ಟಿಯಾಗಿ, ಇನ್ನೊಂದು ಸಲ ಹಸಿಯಾಗೇ ಉಳಿದರೆ ಪ್ಲೈವುಡ್ ಹಾಳೆ ಬಿಟ್ಟುಕೊಳ್ಳುತ್ತದೆ. ಅವನು ಪೆಟ್ರೋಲಿಯಂ ಮೂಲದ ಫಿನಾಲಿಗೇ ಮರಳುತ್ತಾನೆ. ಲಿಗ್ನಿನ್ನಿಗೆ ಅಷ್ಟು ವರ್ಷ ಮಾರುಕಟ್ಟೆ ಸಿಗದಿರಲು ಬೆಲೆಗಿಂತ ಹೆಚ್ಚಾಗಿ ಈ ಏರುಪೇರೇ ಕಾರಣ ಎಂಬುದು ಇದರ ಬಗ್ಗೆ ಓದಿದಷ್ಟೂ ಸ್ಪಷ್ಟವಾಗುತ್ತದೆ.

ಒಂದೊಂದು ದ್ರಾವಕಕ್ಕೆ ಒಂದೊಂದು ಪಾಲು

ಬಿಡಿಸುವ ಉಪಾಯ ಮಾತ್ರ ಸರಳ. ಎಲ್ಲ ಲಿಗ್ನಿನ್ನೂ ಎಲ್ಲ ದ್ರಾವಕದಲ್ಲೂ ಕರಗುವುದಿಲ್ಲ. ಸಾಣಿಗೆಯ ಕಣ್ಣು ದೊಡ್ಡದಾದಂತೆ ಇಳಿಯುವ ಕಾಳೂ ದೊಡ್ಡದಾಗುವ ಹಾಗೆ, ದ್ರಾವಕದ ಕರಗಿಸುವ ಶಕ್ತಿ ಹೆಚ್ಚಿದಂತೆ ಹೆಚ್ಚು ಭಾರದ ಅಣುಗಳು ಅದಕ್ಕೆ ಇಳಿಯುತ್ತವೆ.

1986ರಲ್ಲಿ ರೋಲಂಡ್ ಮೋರ್ಕ್ ಮತ್ತು ಸಂಗಡಿಗರು, ಸ್ವೀಡನ್ ಮತ್ತು ಜಪಾನಿನ ವಿಜ್ಞಾನಿಗಳು ಕೂಡಿ, ಕ್ರಾಫ್ಟ್ ಲಿಗ್ನಿನ್ನನ್ನು ಒಂದಾದ ಮೇಲೊಂದು ದ್ರಾವಕದಲ್ಲಿ ಕಲಕಿ ಐದು ಪಾಲು ಮಾಡಿ ತೋರಿಸಿದರು. ಅವರು ಬಳಸಿದ್ದರಲ್ಲಿ ಡೈಕ್ಲೋರೋಮೀಥೇನ್ ಇತ್ತು. ಉಸಿರಿಗೆ ಒಳ್ಳೆಯದಲ್ಲದ, ಕ್ಲೋರಿನ್ ಹೊತ್ತ ದ್ರಾವಕ ಅದು. ಪ್ರಯೋಗಾಲಯಕ್ಕೆ ಸರಿ, ಹೊಳೆಯ ದಂಡೆಯ ಕಾರ್ಖಾನೆಗೆ ಒಗ್ಗುವಂಥದ್ದಲ್ಲ.

ಮೂವತ್ತು ವರ್ಷಗಳ ಮೇಲೆ ಸ್ಟಾಕ್‌ಹೋಮಿನ ಕೆಟಿಎಚ್ ತಾಂತ್ರಿಕ ವಿಶ್ವವಿದ್ಯಾಲಯದ ಮಾರ್ಟಿನ್ ಲವೋಕೊ ಅವರ ತಂಡ ಹತ್ತಾರು ದ್ರಾವಕಗಳನ್ನು ಪರೀಕ್ಷಿಸಿ, ಕಾರ್ಖಾನೆಗಳಿಗೆ ಪರಿಚಿತವಾದ ನಾಲ್ಕನ್ನು ಆಯ್ದು ಸಾಲಾಗಿ ನಿಲ್ಲಿಸಿತು. ಇಥೈಲ್ ಅಸಿಟೇಟ್, ಇಥೆನಾಲ್, ಮೆಥೆನಾಲ್, ಅಸಿಟೋನ್. 2016ರಲ್ಲಿ ಈ ಕೆಲಸ ಪ್ರಕಟವಾಯಿತು.

ಕೆಲಸ ನಡೆಯುವ ಬಗೆ ಹೀಗೆ. ಪುಡಿಯನ್ನು ಇಥೈಲ್ ಅಸಿಟೇಟಿನಲ್ಲಿ ಹಾಕಿ ಕೋಣೆಯ ಶಾಖದಲ್ಲೇ ಕಲಕುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ದ್ರವಕ್ಕೆ ಚಹಾದ ಬಣ್ಣ ಏರುತ್ತದೆ. ಅತಿ ಸಣ್ಣ ಅಣುಗಳು ಬಿಟ್ಟುಕೊಂಡವು ಎಂದು ಅರ್ಥ. ಸೋಸಿ, ದ್ರಾವಕವನ್ನು ಆವಿ ಮಾಡಿ ತಂಪಿಗೆ ಹಿಡಿದು ಮತ್ತೆ ಶೇಖರಿಸುತ್ತಾರೆ, ತಳದಲ್ಲಿ ಮೊದಲ ಪಾಲು ಉಳಿಯುತ್ತದೆ. ಸೋಸುಬಟ್ಟೆಯ ಮೇಲೆ ನಿಂತ ಗಷ್ಟನ್ನು ಇಥೆನಾಲಿಗೆ ಹಾಕಿದರೆ ಅದಕ್ಕಿಂತ ತುಸು ಭಾರದ್ದು ಬಿಡುತ್ತದೆ. ಆಮೇಲೆ ಮೆಥೆನಾಲ್, ಆಮೇಲೆ ಅಸಿಟೋನ್. ಯಾವುದಕ್ಕೂ ಜಗ್ಗದೆ ಉಳಿದದ್ದು ಐದನೆಯ ಪಾಲು. ಒತ್ತಡ ಬೇಡ, ಹೆಚ್ಚು ಬಿಸಿ ಬೇಡ, ಹೊಸ ರಾಸಾಯನಿಕ ಕ್ರಿಯೆಯೂ ಇಲ್ಲ. ಲಿಗ್ನಿನ್ ಇದ್ದ ಹಾಗೇ ಇದೆ, ವಿಂಗಡಣೆ ಆಗಿದೆ ಅಷ್ಟೆ.

ಆ ವಿಂಗಡಣೆಯ ಫಲ ದೊಡ್ಡದು. ಒಂದೊಂದು ಪಾಲಿನೊಳಗೆ ಅಣುಗಳ ಗಾತ್ರ ಹತ್ತಿರ ಹತ್ತಿರ ಬರುತ್ತದೆ. ಮೊದಲ ಪಾಲುಗಳಲ್ಲಿ ಫಿನಾಲ್ ಗುಂಪುಗಳು ಹೆಚ್ಚು, ಅವು 100 ಡಿಗ್ರಿಯೊಳಗೇ ಮೆತ್ತಗಾಗಬಲ್ಲವು. ಕೊನೆಯವು 150 ಡಿಗ್ರಿ ದಾಟಿದರೂ ಗಟ್ಟಿ. ಯಾವ ಕೆಲಸಕ್ಕೆ ಯಾವುದು ಎಂದು ಈಗ ಆರಿಸಬಹುದು.

ಫಿನಾಲ್ ಹೆಚ್ಚಿರುವ ಹಗುರ ಪಾಲು ಪ್ಲೈವುಡ್ಡಿನ ಅಂಟಿಗೆ, ರಬ್ಬರ್ ಮತ್ತು ಪ್ಲಾಸ್ಟಿಕ್ ಬಿಸಿಲಿಗೆ ಹಾಳಾಗದಂತೆ ಕಾಯುವ ಸೇರ್ಪಡೆಗೆ ಒಗ್ಗುತ್ತದೆ. ಭಾರದ ಪಾಲನ್ನು ಎಳೆ ತೆಗೆದು ಸುಟ್ಟು ಇಂಗಾಲದ ನಾರು ಮಾಡುವ ಪ್ರಯತ್ನಗಳು ಅಮೆರಿಕ, ಯುರೋಪಿನಲ್ಲಿ ನಡೆದಿವೆ. 2018ರಲ್ಲಿ ಅದೇ ಸ್ಟಾಕ್‌ಹೋಮ್ ತಂಡ ಬೇರೆ ಬೇರೆ ಪಾಲುಗಳಿಂದ ಎಪಾಕ್ಸಿ ರಾಳ ತಯಾರಿಸಿತು. ಪಾಲು ಬದಲಿಸಿದಂತೆ ರಾಳದ ಗುಣವೂ ಬದಲಾಯಿತು, ಬೇಕಾದಷ್ಟು ಗಟ್ಟಿ, ಬೇಕಾದಷ್ಟು ಮೆದು. ಮಿಶ್ರ ಪುಡಿಯಲ್ಲಿ ಈ ಹಿಡಿತ ಸಾಧ್ಯವೇ ಇರಲಿಲ್ಲ. ಅಂಟಿನ ಲೋಕದಲ್ಲಿ ಲಿಗ್ನಿನ್ ಆಗಲೇ ಕಾಲಿಟ್ಟಿದೆ. ಫಿನ್ಲೆಂಡಿನ ಯುಪಿಎಂ ಕಂಪನಿ ತನ್ನ ಪ್ಲೈವುಡ್ ಅಂಟಿನಲ್ಲಿ ಫಿನಾಲಿನ ಅರ್ಧ ಭಾಗವನ್ನು ಲಿಗ್ನಿನ್ನಿನಿಂದ ತುಂಬಿಸುತ್ತಿದೆ.

> ಐಸ್‌ಕ್ರೀಮಿನಲ್ಲಿ ಮರ
> ವೆನಿಲಾ ಪರಿಮಳ ಕೊಡುವ ವೆನಿಲಿನ್ ಲಿಗ್ನಿನ್ನಿನಿಂದಲೂ ಬರುತ್ತದೆ. 1930ರ ದಶಕದಲ್ಲಿ ಕೆನಡಾದಲ್ಲಿ ಕಾಗದ ಕಾರ್ಖಾನೆಯ ತ್ಯಾಜ್ಯ ದ್ರವದಿಂದ ಅದನ್ನು ತಯಾರಿಸಲು ಶುರುಮಾಡಿದರು. ನಾರ್ವೆಯ ಬೊರ್ರೆಗಾರ್ಡ್ ಕಂಪನಿ ಇವತ್ತಿಗೂ ಮರದಿಂದ ವೆನಿಲಿನ್ ತೆಗೆಯುತ್ತದೆ. ಕಾಂಕ್ರೀಟು ಕಡಿಮೆ ನೀರಿನಲ್ಲಿ ಸಲೀಸಾಗಿ ಹರಿಯಲು ಬೆರೆಸುವ ಲಿಗ್ನೋಸಲ್ಫೊನೇಟ್ ಕೂಡ ಈ ವಂಶದ್ದೇ.

ಹೊಳೆಸಾಲಿನ ಲೆಕ್ಕ

ಹೊರದೇಶದ ಪ್ರಯೋಗಗಳಲ್ಲಿ ಬಹುಪಾಲು ಪೈನ್, ಸ್ಪ್ರೂಸ್ ಮರಗಳ ಲಿಗ್ನಿನ್ ಮೇಲೆ ನಡೆದವು. ನೀಲಗಿರಿಯದ್ದು ಬೇರೆ ಜಾತಿ. ಅದರ ಉಂಗುರಗಳಲ್ಲಿ ಮೆಥಾಕ್ಸಿ ಗುಂಪುಗಳು ಹೆಚ್ಚು, ಹಾಗಾಗಿ ಅಡ್ಡಬೆಸುಗೆಗೆ ಜಾಗ ಕಡಿಮೆ. ಬೆಂದಾಗ ಅಣುಗಳು ಸಾಮಾನ್ಯವಾಗಿ ಇನ್ನಷ್ಟು ಚಿಕ್ಕದಾಗಿ ಒಡೆಯುತ್ತವೆ. ಅಂಟಿಗೆ ಇದು ಒಂದು ಕೊರತೆ, ದ್ರಾವಕದಲ್ಲಿ ಬಿಡಿಸುವುದಕ್ಕೆ ಒಂದು ಅನುಕೂಲ. ಮೈಸೂರು ಗಮ್‌ಗೆ ಒಪ್ಪುವ ದ್ರಾವಕದ ಸಾಲು ಯಾವುದು ಎಂಬುದನ್ನು ಇಲ್ಲೇ ಪ್ರಯೋಗ ಮಾಡಿ ತಿಳಿಯಬೇಕು. ಬೆಂಗಳೂರಿನ ತುಮಕೂರು ರಸ್ತೆಯಲ್ಲಿ 1962ರಿಂದ ಪ್ಲೈವುಡ್ ಸಂಶೋಧನೆಗೆಂದೇ ಕಟ್ಟಿದ ಸಂಸ್ಥೆ ಇದೆ, ಮಲ್ಲೇಶ್ವರದಲ್ಲಿ ಮರವಿಜ್ಞಾನ ಸಂಸ್ಥೆ ಇದೆ, ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ. ಪ್ರಶ್ನೆ ಹಿಡಿದು ಹೋಗಲು ಜಾಗಕ್ಕೆ ಬರವಿಲ್ಲ.

ನೀಲಗಿರಿ ಇನ್ನಷ್ಟು ಬೆಳೆಸಲು ಇದೊಂದು ನೆಪವಾಗಬಾರದು. ಈಗ ಬೇಯುತ್ತಿರುವ ಕಟ್ಟಿಗೆಯ ಕಪ್ಪು ದ್ರವವೇ ಬೇಕಾದಷ್ಟಿದೆ. ಅದನ್ನೂ ಪೂರ್ತಿ ತೆಗೆಯಲಾಗದು. ಬಾಯ್ಲರಿಗೆ ಉರಿಯಲು ಲಿಗ್ನಿನ್ ಬೇಕು, ಅತಿಯಾಗಿ ತೆಗೆದರೆ ಹಬೆಗೆ ಕಲ್ಲಿದ್ದಲು ಸುಡಬೇಕಾಗುತ್ತದೆ. ಒಂದು ಪಾಲನ್ನಷ್ಟೇ ತೆಗೆದರೆ ಬಾಯ್ಲರಿನ ಹೊರೆ ಇಳಿದು, ಅದೇ ಬಾಯ್ಲರ್ ಇಟ್ಟುಕೊಂಡೇ ಹೆಚ್ಚು ತಿರುಳು ತಯಾರಿಸಬಹುದು. ಲಿಗ್ನೋಬೂಸ್ಟ್ ಕೊಂಡ ಕಾರ್ಖಾನೆಗಳಿಗೆ ಮೊದಲ ಲಾಭ ಕಂಡದ್ದು ಅಲ್ಲೇ. ತಿರುಳಿನ ಕಾರ್ಖಾನೆ ಬಿದ್ದರೆ ಲಿಗ್ನಿನ್ನೂ ಬೀಳುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. 2023ರಲ್ಲಿ ಸುನಿಲಾದ ತಿರುಳು ತಯಾರಿಕೆ ನಿಂತಾಗ ಅಲ್ಲಿನ ಲಿಗ್ನಿನ್ ಘಟಕವೂ ನಿಂತಿತು.

ನನಗೆ ಹೆಚ್ಚು ಚಿಂತೆ ದ್ರಾವಕದ್ದು. ಪ್ರಯೋಗಾಲಯದಲ್ಲಿ ಒಂದು ಗ್ರಾಂ ಪುಡಿಗೆ ಸಾಮಾನ್ಯವಾಗಿ 10 ಮಿಲಿಲೀಟರಿನಷ್ಟು ದ್ರಾವಕ ಹಾಕುತ್ತಾರೆ. ಅದೇ ಪ್ರಮಾಣ ಹಿಡಿದರೆ ಒಂದು ಟನ್ ಪುಡಿಗೆ ಪ್ರತಿ ಹಂತದಲ್ಲಿ 10 ಸಾವಿರ ಲೀಟರ್. ನಾಲ್ಕು ಹಂತಗಳಲ್ಲಿ ನೂರಕ್ಕೆ ಒಂದೊಂದು ಲೀಟರ್ ಸೋರಿದರೂ ಟನ್ನಿಗೆ 400 ಲೀಟರ್ ದ್ರಾವಕ ಗಾಳಿಗೋ ನೀರಿಗೋ ಹೋಯಿತು. ಮೆಥೆನಾಲ್ ಕಣ್ಣು ಕಳೆಯುವ ವಿಷ. ಅಸಿಟೋನ್ ಮತ್ತು ಇಥೈಲ್ ಅಸಿಟೇಟ್ ಕಿಡಿ ತಾಗಿದರೆ ಭಗ್ಗೆಂದು ಹತ್ತಿಕೊಳ್ಳುವಂಥವು. ಒಮ್ಮೆ ಕಂದು ನೀರು ಕುಡಿದ ಹೊಳೆಸಾಲಿಗೆ ಈ ಲೆಕ್ಕ ಮೊದಲು ಕಾಣಬೇಕು, ಲಾಭದ ಲೆಕ್ಕ ಆಮೇಲೆ.

ಇದಕ್ಕೂ ದಾರಿ ಹುಡುಕಿದವರಿದ್ದಾರೆ. ನಾಲ್ಕು ದ್ರಾವಕದ ಬದಲು ಇಥೆನಾಲ್ ಮತ್ತು ನೀರು ಎರಡನ್ನೇ ಬಳಸುವ ವಿಧಾನ ಅದು. ಲಿಗ್ನಿನ್ ಶುದ್ಧ ಇಥೆನಾಲಿನಲ್ಲಿ ಪೂರ್ತಿ ಕರಗುವುದಿಲ್ಲ, ಬರಿಯ ನೀರಿನಲ್ಲಿ ಮುಟ್ಟಿಯೂ ನೋಡುವುದಿಲ್ಲ, ಎರಡೂ ಬೆರೆತಾಗ ಚೆನ್ನಾಗಿ ಕರಗುತ್ತದೆ. ಹಾಗೆ ಕರಗಿಸಿಟ್ಟು ನೀರು ಹೆಚ್ಚಿಸುತ್ತಾ ಹೋದರೆ ಮೊದಲು ಭಾರದ ಪಾಲು ತಳಕ್ಕೆ ಕೂರುತ್ತದೆ, ಕೊನೆಗೆ ಹಗುರದ್ದು. ಬಟ್ಟಿ ಇಳಿಸಿ ಮತ್ತೆ ಬಳಸಲು ಒಂದೇ ದ್ರಾವಕ ಇರುತ್ತದೆ, ಕಾಯಲು ಒಂದೇ ಟ್ಯಾಂಕ್ ಇರುತ್ತದೆ. ಆ ಇಥೆನಾಲ್ ದೂರದಿಂದ ಬರಬೇಕಿಲ್ಲ. ಹರಪನಹಳ್ಳಿ ತಾಲ್ಲೂಕಿನ ದುಗ್ಗಾವತಿಯಲ್ಲಿ ಸಕ್ಕರೆ ಕಾರ್ಖಾನೆ ಇದೆ, ದಾವಣಗೆರೆ ಬಳಿಯ ಕುಕ್ಕವಾಡದ ಸಕ್ಕರೆ ಕಾರ್ಖಾನೆಯಲ್ಲಿ ಇಥೆನಾಲ್ ಘಟಕವೇ ನಡೆಯುತ್ತಿದೆ. ಕಪ್ಪು ದ್ರವ ಕುಮಾರಪಟ್ಟಣದಲ್ಲಿದೆ. ಇವೆರಡರ ನಡುವೆ ಇರುವುದು ಲಾರಿಯೊಂದು ಬೆಳಿಗ್ಗೆ ಹೊರಟು ಮಧ್ಯಾಹ್ನದೊಳಗೆ ಮರಳುವಷ್ಟು ದೂರ.